ಕೆಳಗಿನ ಸಾಲು ಓದಿ

ಜೂನ್ ೬

ಪ್ರೀತಿಯ ಚುಕ್ಕಿ,

‘ಡಿಯರ್ ಡಾಟರ್’ ಎಂದೇ ಶುರು ಮಾಡೋಣ ಅಂದುಕೊಂಡೆ. ಎರಡನೆಯ ವಾಕ್ಯಕ್ಕೆ ಇಂಗ್ಲಿಷ್ ಸಾಲದೆ ನಡುನೀರಿನಲ್ಲಿ ನಿಲ್ಲಬೇಕಾದೀತೆಂದು ಕೈಬಿಟ್ಟೆ. ನಿನ್ನ ಕಾಗದ ತಲುಪಿತು. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ, ಆಯ್ತು, ಸರಿ ಇಡ್ತೀನಿ’ ಎಂಬುದರ ಆಚೆ ಹೋಗುವುದೇ ಇಲ್ಲ, ಆದ್ದರಿಂದ ಕಾಗದ ಬರೆಯಿರಿ ಎಂದಿದ್ದೀಯ. ನಿಜವೇ. ಯಾರಾದರೂ ಒಬ್ಬರ ಜೊತೆ ಕೈಬರಹದ ಕಾಗದ ಬರೆದುಕೊಳ್ಳಿ, ವಿಚಾರ ಜೋಡಿಸುವುದು ತಾನಾಗಿ ಬರುತ್ತದೆ ಎಂದು ನಿನ್ನ ಆನ್‌ಲೈನ್ ಪಾಠದ ಮೇಡಂ ಹೇಳಿದ್ದಾರೆಂದರೆ ಇನ್ನೇನು, ಅದು ಸರ್ಕಾರಿ ಆಜ್ಞೆ. ನನ್ನಂಥವನು ಸಿಕ್ಕಿದ್ದು ಮೇಡಂ ಅವರ ದುರದೃಷ್ಟ.

ನೀನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುತ್ತೀಯ, ಇಂಗ್ಲಿಷಿನಲ್ಲಿ ಓದುವ ಪರೀಕ್ಷೆ, ಬರೆಯುವ ಪರೀಕ್ಷೆ ಎರಡನ್ನೂ ಕೊಡುತ್ತೀಯ, ನರ್ಸಿಂಗ್ ಡಿಗ್ರಿ ಮಾಡುತ್ತೀಯ ಎಂದು ಅಂಗಡಿಯಲ್ಲಿ ಹೇಳಿದೆ. ಹೇಳಿದೆ ಎಂದರೆ, ಕನ್ನಡಕಕ್ಕೆಂದು ಬಂದವರಿಗೆಲ್ಲ ಹೇಳಿದೆ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತವರು ಎದ್ದು ಹೋಗುವ ಹಾಗಿಲ್ಲವಲ್ಲ, ಮೂಗಿನ ಮೇಲೆ ನನ್ನ ಚೌಕಟ್ಟು ಇರುತ್ತದೆ. ನಮ್ಮ ಯಜಮಾನ, ನನಗಿಂತ ಚಿಕ್ಕವನು, ಅವರಪ್ಪನ ಕಾಲದಿಂದ ನನ್ನನ್ನು ಸಹಿಸಿಕೊಂಡು ಬಂದವನು, ನಿನ್ನೆ ಕೇಳಿಯೇಬಿಟ್ಟ: “ಏನ್ ಸಾರ್, ಕಾಲೇಜಿಗೆ ಹೋಗ್ತಿರೋದು ನೀವೋ ಮಗಳೋ?” ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಇಟ್ಟುಕೋ ಎಂದೆ.

ಈ ವಾರ ಒಂದು ತಮಾಷೆ. ಒಬ್ಬ ಲಾರಿ ಡ್ರೈವರ್ ಬಂದು ಕುರ್ಚಿಯಲ್ಲಿ ಕೂತ. ಚಾರ್ಟಿನಲ್ಲಿ ಮೇಲಿನ ಸಾಲು ಓದಿದ, ನಡುವಿನದು ಓದಿದ, ಎಲ್ಲಕ್ಕಿಂತ ಸಣ್ಣ ಅಕ್ಷರದ ಕೆಳಗಿನ ಸಾಲನ್ನೂ ಸರಾಗವಾಗಿ ಓದಿದ. ನಿಮಗೆ ಕನ್ನಡಕ ಬೇಡ ಎಂದೆ. ನನಗಲ್ಲ, ನನ್ನ ಹೆಂಡತಿಗೆ ಎಂದ. ಅವಳಿಗೆ ಬಿಡುವಿಲ್ಲ, ಮನೆ ತುಂಬ ಕೆಲಸ, ಅದಕ್ಕೇ ಅವಳ ಬದಲು ನಾನು ಬಂದೆ, ಒಂದೇ ಮನೆಯವರಲ್ಲವೇ ಎಂದ. ಯಜಮಾನ ನಗು ತಡೆಯಲಾರದೆ ಒಳಗೆ ಹೋದ. ನಾನೂ ನಕ್ಕೆ. ಪಾಪ, ಅವನು ಬಂದದ್ದು ಪ್ರೀತಿಯಿಂದ. ನಾಟ್‌ವಿತ್‌ಸ್ಟ್ಯಾಂಡಿಂಗ್ ಪ್ರೀತಿ, ಕಣ್ಣು ಅವನದು.

‘ಏನೇ ಇದ್ದರೂ’ ಎಂಬರ್ಥದ ಆ ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂಬ ಪದ ನನ್ನ ಎರಡು ವರ್ಷದ ಕಾಲೇಜಿನ ಆಸ್ತಿ. ಎಲ್ಲಿ ಕೂರಿಸಬೇಕೆಂದು ಈಗಲೂ ಪೂರ್ತಿ ಗೊತ್ತಿಲ್ಲ. ಆದರೆ ಅದನ್ನು ಹೇಳಿದಾಗ ಎದುರಿನವರು ಸುಮ್ಮನಾಗುತ್ತಾರೆ.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಕಳೆದ ರಜೆಯಲ್ಲಿ ನೀನು ಅಂಗಡಿಯ ಕಂಪ್ಯೂಟರಿನಲ್ಲಿ ಪಾಠಕ್ಕೆ ಹೆಸರು ನೋಂದಾಯಿಸಿದೆಯಲ್ಲ, ಆ ಪುಟ ಅದರಲ್ಲಿ ಹಾಗೇ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಅದರಲ್ಲಿ ನಿನ್ನ ಹೆಸರು ಕಂಡರೆ ಸಾಕು, ದಿನ ಚೆನ್ನಾಗಿ ಹೋಗುತ್ತದೆ. ನನಗೆ ತುಂಬಾ ಸಂತೋಷವಾಗಿದೆ ಕಣೇ. ಚಳಿ ಇದ್ದರೆ ಕಿವಿ ಮುಚ್ಚಿಕೋ.

ಯುವರ್ ಮೋಸ್ಟ್ ಒಬೀಡಿಯಂಟ್ ಫಾದರ್,
ಅಪ್ಪ


ಜೂನ್ ೧೯

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮೇಡಂ ಹೇಳಿಕೊಟ್ಟ ಹಾಗೆ ಪರೀಕ್ಷೆಯ ಪಾಠದಂತೆಯೇ ಓದಿದೆ. ಬೇಸರ ಮಾಡಿಕೊಳ್ಳಬೇಡಿ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದರ ಮುಖ್ಯ ವಿಚಾರವೇನು? ನಿಮ್ಮ ಕಾಗದದಲ್ಲಿ ಅದು ಕೊನೆಗೆ, ಕಿವಿ ಮುಚ್ಚಿಕೋ ಎನ್ನುವುದಕ್ಕೆ ಮುಂಚಿನ ವಾಕ್ಯದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ನಾನು ನಿಮ್ಮ ಹಿಂದೆ ಇಡೀ ಊರು ಸುತ್ತಿದೆ. ಎರಡನೆಯ ಪ್ರಶ್ನೆ: ತೆಗೆದುಹಾಕಿದರೂ ನಷ್ಟವಿಲ್ಲದ ವಾಕ್ಯಗಳು ಯಾವುವು? ಲಾರಿ ಡ್ರೈವರನ ಪ್ಯಾರಾ ಪೂರ್ತಿ. ಓದಿ ತುಂಬ ನಕ್ಕೆ, ಹಾಸ್ಟೆಲಿನಲ್ಲಿ ಪಕ್ಕದ ಹಾಸಿಗೆಯವಳಿಗೂ ಹೇಳಿದೆ. ಆದರೂ ಅನಗತ್ಯ. ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.

ಮೂರನೆಯ ಬಗೆಯ ಪ್ರಶ್ನೆ ಕಷ್ಟದ್ದು. ಬರೆದವರು ಹೇಳದೆ ಬಿಟ್ಟದ್ದೇನು ಎಂದು ಕೇಳುತ್ತಾರೆ. ನಿಮ್ಮ ಕಾಗದದಲ್ಲಿ ಅಂಗಡಿ ಇದೆ, ಯಜಮಾನರಿದ್ದಾರೆ, ಲಾರಿ ಕೂಡ ಇದೆ. ಅಮ್ಮ ಇಲ್ಲ. ತಪ್ಪು ಎನ್ನುತ್ತಿಲ್ಲ. ಗಮನಿಸಿದೆ, ಅಷ್ಟೆ.

ನನ್ನ ಓದೆಲ್ಲ ನಾನು ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲೇ ನಡೆಯುತ್ತದೆ. ಒಗೆದು ಬಂದ ಹೊದಿಕೆಗಳ ಅಟ್ಟಿಗಳ ನಡುವೆ ಒಂದು ಸ್ಟೂಲು ಹಾಕಿಕೊಂಡರೆ ಅಲ್ಲಿ ಯಾವ ಸದ್ದೂ ಬರುವುದಿಲ್ಲ. ಬಿಸಿ ಬಟ್ಟೆ ಪಕ್ಕದಲ್ಲಿದ್ದರೆ ನಿದ್ದೆ ಬರುತ್ತದೆ, ಅದೊಂದೇ ತೊಂದರೆ. ನಮ್ಮ ಮೇಲಿನವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ವಿರಾಮದಲ್ಲಿ ಫೋನ್ ಹಿಡಿದು ಓದಿದರೆ ಕಂಡೂ ಕಾಣದಂತೆ ಇರುತ್ತಾರೆ. ಫೋನಿನಲ್ಲಿ ದಿನಕ್ಕೊಂದು ಅಭ್ಯಾಸ ಮಾಡಬೇಕು. ಮಾಡಿದರೆ ಪುಟದ ಮೂಲೆಯಲ್ಲಿ ಪುಟ್ಟ ದೀಪವೊಂದು ಉರಿಯುತ್ತದೆ. ಒಂದು ದಿನ ತಪ್ಪಿದರೂ ಆರುತ್ತದೆ, ಮತ್ತೆ ಮೊದಲಿನಿಂದ ಹಚ್ಚಬೇಕು. ಇಷ್ಟು ಬೆಳೆದವಳು ಆ ದೀಪಕ್ಕಾಗಿ ಹೇಗೆ ಒದ್ದಾಡುತ್ತೇನೆಂದು ನೋಡಿದರೆ ನೀವು ನಗುತ್ತೀರಿ.

ಈ ತಿಂಗಳು ಇಬ್ಬರು ರಜೆ ಹಾಕಿದ್ದಾರೆ, ನನಗೆ ಎರಡೆರಡು ಪಾಳಿ. ದೀಪ ಉಳಿಯುತ್ತದೋ ಇಲ್ಲವೋ. ಈ ವರ್ಷ ಬಿಟ್ಟರೆ ನನ್ನ ವಯಸ್ಸಿನವರನ್ನು ಆ ಕಾಲೇಜು ತೆಗೆದುಕೊಳ್ಳುವುದಿಲ್ಲ, ಅದು ನಿಮಗೂ ಗೊತ್ತಲ್ಲ. ಆಗಸ್ಟ್ ಕೊನೆಯೊಳಗೆ ಅರ್ಜಿ ಹಾಕಬೇಕು. ಕಾಗದ ತಡವಾದರೆ ಕೋಪ ಬೇಡ.

ನಿಮ್ಮ ಮಗಳು,
ಚುಕ್ಕಿ


ಜುಲೈ ೨

ಪ್ರೀತಿಯ ಚುಕ್ಕಿ,

ಮುಖ್ಯ ವಿಚಾರ: ನಾನು ಚೆನ್ನಾಗಿದ್ದೇನೆ.

ನೋಡಿದೆಯಾ, ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಇನ್ನು ಬರೆಯುವುದಕ್ಕೆ ಏನೂ ಉಳಿಯಲಿಲ್ಲ, ಪುಟವೆಲ್ಲ ಖಾಲಿ ಇದೆ. ಖಾಲಿ ಪುಟ ಅಂಚೆಗೆ ಹಾಕುವುದು ಸರಿಯಲ್ಲ ಎಂದು ಮುಂದುವರಿಸುತ್ತಿದ್ದೇನೆ.

ಲಾರಿ ಡ್ರೈವರನಿಗೆ ಗೆರೆ ಎಳೆದದ್ದು ನನಗೆ ಸರಿ ಬರಲಿಲ್ಲ. ಆ ಮನುಷ್ಯ ಲಾರಿಯನ್ನು ಅಡ್ಡರಸ್ತೆಯಲ್ಲಿ ನಿಲ್ಲಿಸಿ ಬಂದಿದ್ದ, ಪೊಲೀಸರು ಹಿಡಿದರೆ ಎಂಬ ಭಯದಲ್ಲೇ ಕೂತಿದ್ದ. ಅಂಥವನನ್ನು ಅನಗತ್ಯ ಎನ್ನುವುದು ಹೇಗೆ? ಯಜಮಾನನಿಗೆ ನಿನ್ನ ಪೆನ್ಸಿಲ್ ಗೆರೆಯ ವಿಷಯ ಹೇಳಿದೆ. “ಮಗಳಿಗೆ ಮಾರ್ಕ್ಸ್ ಗ್ಯಾರಂಟಿ ಸಾರ್, ನಿಮ್ಮ ಕಾಗದದಲ್ಲೇ ಬೇಡದ್ದು ಹುಡುಕಿದಾಳೆ ಅಂದ್ರೆ ಇನ್ನೇನು,” ಎಂದ. ಹೊಗಳಿದನೋ ತೆಗಳಿದನೋ ಗೊತ್ತಾಗಲಿಲ್ಲ. ಆದರೂ ಎರಡು ಸಲ ಹೇಳಿಸಿಕೊಂಡೆ.

ನಿನಗೆ ನೆನಪಿದೆಯೋ ಇಲ್ಲವೋ, ಚಿಕ್ಕವಳಿದ್ದಾಗ ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು ಕುರ್ಚಿ ಹತ್ತಿ ಕೂರುತ್ತಿದ್ದೆ. ನೆಲಕ್ಕೆ ಕಾಲು ಎಟುಕುತ್ತಿರಲಿಲ್ಲ. ಬಂದವರು ಕೆಳಗಿನ ಸಾಲಿನಲ್ಲಿ ತಡವರಿಸಿದರೆ ನೀನು ಹಿಂದಿನಿಂದ ಪಿಸುಗುಟ್ಟುತ್ತಿದ್ದೆ. ಒಬ್ಬ ಮೇಷ್ಟ್ರಿಗೆ ನಿನ್ನ ದಯದಿಂದ ಪವರ್ ಕಡಿಮೆ ಬಿದ್ದು, ಆಮೇಲೆ ಅವರು ಬಾಗಿಲಿಗೆ ಡಿಕ್ಕಿ ಹೊಡೆದು ಬಂದು ಜಗಳವಾಡಿದರು. ಕಾಣದಿದ್ದರೆ ಕಾಣುವುದಿಲ್ಲ ಎಂದು ಹೇಳಬೇಕು, ಹೇಳಿಕೊಡಬಾರದು ಎಂದು ಆ ದಿನ ನಿನಗೆ ಗದರಿದ್ದೆ. ಯಾಕೆ ಬರೆದೆನೋ ಇದನ್ನು. ಇದಕ್ಕೂ ಗೆರೆ ಬೀಳುತ್ತದೆ.

ದೀಪದ ಚಿಂತೆ ನಿನಗೆ ಬೇಡ. ಆರದಂತೆ ನೋಡಿಕೊಳ್ಳುವವರು ಇದ್ದಾರೆ ಎಂದಷ್ಟೇ ಹೇಳುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ ಎನ್ನುತ್ತೀಯ. ಇರಲಿ, ಅಡ್ಡಗೋಡೆಯ ಮೇಲಾದರೂ ಉರಿಯಲಿ. ನೀನು ಪಾಳಿ ಮುಗಿಸಿ ಸ್ವಲ್ಪ ಮಲಗು.

ಒಬೀಡಿಯಂಟ್,
ಅಪ್ಪ


ಜುಲೈ ೩೦

ಪ್ರೀತಿಯ ಚುಕ್ಕಿ,

ನಿನ್ನಿಂದ ಕಾಗದವಿಲ್ಲ. ಕೋಪವಿಲ್ಲ, ಎರಡು ಪಾಳಿ ಎಂದಿದ್ದೆಯಲ್ಲ. ಫೋನ್ ಮಾಡಿದಾಗ ನಿನ್ನ ‘ಆಯ್ತು’ ಸ್ವಲ್ಪ ಸಣ್ಣಗಿತ್ತು. ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ‘ಸರಿ ಇಡ್ತೀನಿ’ ಬಂದುಬಿಟ್ಟಿತು.

ಇಲ್ಲಿ ಹೇಳುವಂಥದ್ದೇನಿಲ್ಲ. ಬಾಗಿಲ ಬಳಿಯ ಗೋಡೆಗೆ ಹೊಸ ಕನ್ನಡಿ ಹಾಕಿದ್ದಾರೆ. ಜನ ಕನ್ನಡಕ ಹಾಕಿಕೊಂಡು ನೋಡುವುದನ್ನು ಬಿಟ್ಟು ತಲೆ ಬಾಚಿಕೊಂಡು ಹೋಗುತ್ತಾರೆ. ಇತ್ತೀಚೆಗೆ ನಾನೂ ಇಂಗ್ಲಿಷ್ ಓದಲು ಶುರು ಮಾಡಿದ್ದೇನೆ. ಯಾಕೆ, ಏನು ಎಂದು ಕೇಳಬೇಡ. ತುಕ್ಕು ಹಿಡಿದ ತಿರುಪಿನ ಹಾಗೆ ಮೊದಲು ಅಲುಗಾಡಲೇ ಇಲ್ಲ, ಈಗೀಗ ಸ್ವಲ್ಪ ತಿರುಗುತ್ತಿದೆ. ನಿನ್ನೆ ಜೇನುಹುಳುಗಳ ಬಗ್ಗೆ ಓದಿದೆ. ಎಂಥ ಶ್ರಮಜೀವಿಗಳು!

ನಿನ್ನ ಕಾಲೇಜಿನ ವಿಷಯ ಈಗ ಈ ರಸ್ತೆಗೆಲ್ಲ ಗೊತ್ತು. ಎದುರಿನ ಬೀಗ ರಿಪೇರಿಯವನು ಕೂಡ, ನರ್ಸಮ್ಮ ಯಾವಾಗ ಬರ್ತಾರೆ, ನನ್ನ ಮಂಡಿ ನೋವು ತೋರಿಸಬೇಕು ಎನ್ನುತ್ತಾನೆ. ಇನ್ನೂ ಪರೀಕ್ಷೆಯೇ ಆಗಿಲ್ಲ ಮಾರಾಯ ಎಂದರೆ, ಆಗುತ್ತದೆ ಬಿಡಿ ಎನ್ನುತ್ತಾನೆ. ಅವನಿಗಿರುವ ಧೈರ್ಯ ನಿನಗೂ ಇರಲಿ.

ಅಪ್ಪ


ಆಗಸ್ಟ್ ೧೪

ಅಪ್ಪಾ,

ಮುಖ್ಯ ವಿಚಾರ: ನಾನು ಅರ್ಜಿ ಹಾಕುವುದಿಲ್ಲ.

ನಿಮಗೆ ಹೇಗೆ ಬರೆಯುವುದೆಂದು ತಿಳಿಯದೆ ಇಷ್ಟು ದಿನ ಬರೆಯಲಿಲ್ಲ. ಫೋನಿನ ಪಾಠದ ಪುಟದಲ್ಲಿ ಒಂದು ಗೆರೆ ಇದೆ. ಈಗ ಪರೀಕ್ಷೆಗೆ ಕೂತರೆ ಎಷ್ಟು ಅಂಕ ಬರಬಹುದೆಂದು ಅದು ಲೆಕ್ಕ ಹಾಕಿ ತೋರಿಸುತ್ತದೆ. ಜೂನ್‌ನಲ್ಲಿ ಕಾಲೇಜು ಕೇಳುವ ಅಂಕಕ್ಕಿಂತ ಮೇಲಿತ್ತು. ಆಮೇಲೆ ಇಳಿಯಲು ಶುರುವಾಯಿತು. ಇಳಿದದ್ದು ಇಳಿದದ್ದೇ. ಈಗ ನನಗೆ ಚಿಕ್ಕ ಮಕ್ಕಳಿಗೆ ಕೊಡುವಂಥ ಪಾಠ ಕೊಡುತ್ತಿದೆ, ಅದರಲ್ಲೂ ಪಾಸಾಗುತ್ತಿಲ್ಲ ಎನ್ನುತ್ತಿದೆ.

ಅಂಕ ಕಡಿಮೆಯಾಗಿದ್ದರೆ ಇನ್ನೂ ಓದುತ್ತಿದ್ದೆ ಅಪ್ಪಾ. ಹೆದರಿಕೆ ಅದಲ್ಲ. ಪಾಳಿಯ ನಡುವೆ ಬಟ್ಟೆ ಕೋಣೆಯಲ್ಲಿ ಕೂತು, ಅರೆನಿದ್ದೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹಳೆಯ ಉತ್ತರಗಳನ್ನು ನೋಡಲು ಹೋದರೆ, ಓದಿದ ನೆನಪೇ ಇಲ್ಲದ ಎಷ್ಟೋ ಪಾಠಗಳು ಅಲ್ಲಿವೆ. ಎಲ್ಲಕ್ಕೂ ನಾನು ಉತ್ತರ ಕೊಟ್ಟಿದ್ದೇನೆ, ಹೆಚ್ಚಿನವು ತಪ್ಪು. ಎರಡು ಪುಟ ನೋಡಿ ಮುಚ್ಚಿಬಿಟ್ಟೆ. ಓದಿದ್ದು ನೆನಪಿನಲ್ಲಿ ಉಳಿಯದವಳು ಕಾಲೇಜಿಗೆ ಹೋಗಿ ಏನು ಮಾಡಲಿ? ನಾಳೆ ರೋಗಿಗಳ ಚೀಟಿ ಓದಿ ಮರೆತರೆ?

ದೊಡ್ಡಕ್ಕ ವರ್ಷದ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ನನ್ನ ಹೆಸರು ಹೇಳುತ್ತಾರಂತೆ. ಕಾಯಂ ಕೆಲಸ. ಓದು ಬಿಟ್ಟು ಇಲ್ಲೇ ನಿಲ್ಲುತ್ತೇನೆಂದು ತಿಂಗಳ ಕೊನೆಯೊಳಗೆ ಹೇಳಬೇಕು. ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಯೋಚನೆ ಮಾಡು ಮಗಾ ಎಂದರು. ಹೂಂ ಎನ್ನೋಣ ಎಂದಿದ್ದೇನೆ.

ರಸ್ತೆಯವರಿಗೆಲ್ಲ ನೀವು ಹೇಳಿಬಿಟ್ಟಿದ್ದೀರಿ. ಅದೊಂದು ನೆನೆದರೆ ಸಂಕಟವಾಗುತ್ತದೆ. ತಮಾಷೆಯೆಂದರೆ ಆ ದೀಪ ಮಾತ್ರ ಇನ್ನೂ ಉರಿಯುತ್ತಲೇ ಇದೆ.

ಚುಕ್ಕಿ


ಆಗಸ್ಟ್ ೧೮

ಚುಕ್ಕಿ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ. ಒಬ್ಬ ಗಿರಾಕಿ ಒಳಗೆ ಬರಲು ಜಾಗ ಸಾಲದೆ ನನ್ನನ್ನು ಪಕ್ಕಕ್ಕೆ ಸರಿಸಬೇಕಾಯಿತು.

ಆ ಯಂತ್ರದ ಮಾತು ನಂಬಬೇಡ. ಯಂತ್ರ ಹೇಳಿದ್ದೆಲ್ಲ ನಿಜವಾದರೆ ನಾನು ಯಾಕೆ ಬೇಕು? ನಮ್ಮ ಅಂಗಡಿಯಲ್ಲೂ ಕಣ್ಣಿನ ಪವರ್ ತಾನೇ ಹೇಳುವ ಯಂತ್ರ ತಂದಿದ್ದಾರೆ. ಅದು ಹೇಳಿದ ಮೇಲೂ ಮನುಷ್ಯನನ್ನು ಕೂರಿಸಿ, ಗಾಜು ಬದಲಿಸಿ, “ಮೊದಲಿನದು ಚೆನ್ನಾಗಿತ್ತೋ, ಈಗಿನದೋ?” ಎಂದು ಕೇಳಲೇಬೇಕು.

ಅಷ್ಟಕ್ಕೂ ಅಂಕ ಇಳಿಯುವುದಕ್ಕೆ ಸಾಧ್ಯವೇ ಇಲ್ಲ. ಹೇಗೆ ಇಳಿಯುತ್ತದೆ? ನೀನು ಪಾಳಿಯಲ್ಲಿರುತ್ತೀಯೆಂದು ದಿನಾ ಅಂಗಡಿ ತೆರೆದೊಡನೆ, ಕನ್ನಡಕ ಒರೆಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ನಿನ್ನ ಹೆಸರಿನ ಪುಟದಲ್ಲಿ ಆ ದಿನದ ಅಭ್ಯಾಸ ನಾನೇ ಮಾಡಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದ ದಿನವೂ ಹೋಗಿ ಮಾಡಿ ಬಂದೆ. ನಿನ್ನ ದೀಪ ಆರಬಾರದು ಎಂಬುದೊಂದೇ. ಆಮೇಲೆ ಹೇಳಿ ನಿನ್ನನ್ನು ಆಶ್ಚರ್ಯಪಡಿಸೋಣ ಎಂದಿದ್ದೆ, ಈಗ ಹೇಳಬೇಕಾಯಿತು. ಕೆಲವು ಉತ್ತರ ತಪ್ಪು ಎಂದು ಕೆಂಪಗೆ ತೋರಿಸಿತು, ನಿಜ. ಆದರೆ ಅದು ಆ ಪ್ರಶ್ನೆ ಬರೆದವರ ದೋಷ. ಸಮುದ್ರದ ದೀಪಸ್ತಂಭದ ಪಾಠವನ್ನೇ ತೆಗೆದುಕೋ. ಇದರ ಮುಖ್ಯ ವಿಚಾರವೇನು ಎಂದು ಕೇಳಿದರು. ಅಲ್ಲಿನ ಕಾವಲುಗಾರ ದಿನಾ ಬೆಳಿಗ್ಗೆ ಗಾಜು ಒರೆಸುತ್ತಿದ್ದ ಎಂಬ ಉತ್ತರ ಒತ್ತಿದೆ. ತಪ್ಪಂತೆ! ಹೊಸ ಬಗೆಯ ದೀಪದಿಂದ ಎಣ್ಣೆ ಉಳಿಯಿತು ಎಂಬುದು ಸರಿಯಂತೆ. ಗಾಜು ಒರೆಸುವವನಿಲ್ಲದಿದ್ದರೆ ಯಾವ ದೀಪ ಇದ್ದು ಏನು ಪ್ರಯೋಜನ? ನೀನೇ ಹೇಳು.

ಅರ್ಜಿ ಹಾಕು. ದೊಡ್ಡಕ್ಕನವರಿಗೆ ಇನ್ನೂ ಹೂಂ ಎನ್ನಬೇಡ. ನಾಳೆಯಿಂದ ನಾನು ಇನ್ನೂ ಜಾಸ್ತಿ ಅಭ್ಯಾಸ ಮಾಡುತ್ತೇನೆ.

ಅಪ್ಪ


ಆಗಸ್ಟ್ ೨೮

ಅಪ್ಪಾ,

ದಯವಿಟ್ಟು ಮಾಡಬೇಡಿ. ಇದೇ ಈ ಕಾಗದದ ಮುಖ್ಯ ವಿಚಾರ.

ನಿಮ್ಮ ಕಾಗದ ಬಂದಾಗ ಹೊದಿಕೆ ಮಡಿಸುತ್ತಿದ್ದೆ. ಓದಿ ಮುಗಿಸಿ ಅದೇ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅಳುತ್ತಿದ್ದೇನೆಂದು ದೊಡ್ಡಕ್ಕ ಓಡಿ ಬಂದರು. ನಗುತ್ತಿದ್ದೇನೆಂದು ತಿಳಿದ ಮೇಲೆ ಒಗೆದ ಬಟ್ಟೆ ಹಾಳು ಮಾಡಿದೆನೆಂದು ಬೈದರು. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು. ತುಂಬಾ ಬಂತು, ಸುಳ್ಳು ಹೇಳುವುದಿಲ್ಲ. ಅದಕ್ಕೇ ಉತ್ತರ ತಡವಾಯಿತು. ದೀಪ ನೋಡಿಕೊಳ್ಳುವವರು ಇದ್ದಾರೆ ಎಂದು ಬರೆದಿದ್ದಿರಲ್ಲ, ನಾನದನ್ನು ಆಶೀರ್ವಾದ ಎಂದುಕೊಂಡಿದ್ದೆ.

ಆ ಯಂತ್ರಕ್ಕೆ ಎದುರಿಗೆ ಕೂತವರು ಯಾರೆಂದು ತಿಳಿಯುವುದಿಲ್ಲ. ನಿಮ್ಮ ಉತ್ತರ ನೋಡಿ ಅದು ನನಗೆ ಪಾಠ ಕೊಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ನಿಮ್ಮ ಭಾಷೆಯಲ್ಲೇ ಹೇಳುವುದಾದರೆ, ನನ್ನ ಕುರ್ಚಿಯಲ್ಲಿ ನೀವು ಕೂತು ಚಾರ್ಟ್ ಓದಿದಿರಿ. ನಿಮ್ಮ ಪವರಿನ ಕನ್ನಡಕ ನನ್ನ ಮೂಗಿಗೆ ಬಂತು. ಅದನ್ನು ಹಾಕಿಕೊಂಡು ನೋಡಿ, ನನಗೆ ಕಣ್ಣೇ ಇಲ್ಲ ಎಂದುಕೊಂಡೆ. ಲಾರಿ ಡ್ರೈವರನ ಪ್ಯಾರಾ ತೆಗೆದು ನೋಡಿದೆ, ನನ್ನ ಪೆನ್ಸಿಲ್ ಗೆರೆ ಅದರ ಮೇಲೇ ಇತ್ತು. ರಬ್ಬರ್ ಹಾಕಿ ಅಳಿಸಿದ್ದೇನೆ. ನಿಮ್ಮ ಕಾಗದಗಳಲ್ಲೆಲ್ಲ ಬೇಕಾಗಿದ್ದ ಪ್ಯಾರಾ ಅದೊಂದೇ ಆಗಿತ್ತು.

ಮೇಡಂಗೆ ಎಲ್ಲ ಬರೆದೆ. ಅವರು ಆ ಉತ್ತರಗಳನ್ನು ತೆಗೆಸಿ, ನನಗೆ ಹೊಸದಾಗಿ ಪೂರ್ತಿ ಪರೀಕ್ಷೆ ಇಟ್ಟರು. ಗೆರೆ ಮೇಲೆ ಬಂತು ಅಪ್ಪಾ. ಜೂನ್‌ನಲ್ಲಿ ಇದ್ದದ್ದಕ್ಕಿಂತ ಮೇಲೆ. ಅರ್ಜಿ ಹಾಕಿದ್ದೇನೆ. ದೊಡ್ಡಕ್ಕನಿಗೆ ಹೇಳಿದೆ. ಅವರು ಕೈಲಿದ್ದ ಹೊದಿಕೆ ಮಡಿಸಿಟ್ಟು, “ಹೋಗು, ಆದ್ರೆ ನಂಗೆ ಇಂಜೆಕ್ಷನ್ ಕೊಡೋ ಕಾಲಕ್ಕೆ ನೋವಾಗ್ಬಾರ್ದು,” ಎಂದರು.

ಇನ್ನೊಂದು ಮಾತು. ತೆಗೆಸುವ ಮೊದಲು ನಿಮ್ಮ ಉತ್ತರಗಳನ್ನೆಲ್ಲ ಕೂತು ಓದಿದೆ. ಮೊದಲೇ ಪೂರ್ತಿ ಓದಿದ್ದರೆ ಇದು ಯಾರ ಕೈ ಎಂದು ನನಗೆ ಗೊತ್ತಾಗಬೇಕಿತ್ತು. ಜೇನುಹುಳುವಿನ ಪಾಠದಲ್ಲಿ ಲೇಖಕರ ವಾದವೇನು ಎಂದರೆ, ‘ಅವುಗಳನ್ನು ಗೌರವಿಸಬೇಕು’ ಎಂದು ಒತ್ತಿದ್ದೀರಿ. ಸೇತುವೆಯ ಪಾಠದಲ್ಲಿ ಎಂಜಿನಿಯರನ್ನು ಬಿಟ್ಟು ಮೊಳೆ ಹೊಡೆದವನ ಪರ ನಿಂತಿದ್ದೀರಿ. ಮುಖ್ಯ ವಿಚಾರದ ಪ್ರಶ್ನೆಗಳಲ್ಲಿ ನೀವು ಒಂದೂ ಗೆದ್ದಿಲ್ಲ. ಆದರೆ ಬರೆದವರು ಹೇಳದೆ ಬಿಟ್ಟದ್ದೇನು ಎಂಬ ಪ್ರಶ್ನೆಗಳಿದ್ದವಲ್ಲ, ಎಲ್ಲಕ್ಕಿಂತ ಕಷ್ಟದವು, ನಾನೂ ತಡವರಿಸುವಂಥವು, ಅವುಗಳಲ್ಲಿ ನೀವು ಒಂದೂ ತಪ್ಪು ಮಾಡಿಲ್ಲ. ಒಬ್ಬಾಕೆ ಮೇಜಿನ ಇನ್ನೊಂದು ಕುರ್ಚಿಯನ್ನು ಎತ್ತಿಡದೆ ದಿನಾ ಧೂಳು ಒರೆಸುತ್ತಿದ್ದಳು ಎಂಬ ಪಾಠ ನೆನಪಿದೆಯಾ? ಅದರಲ್ಲಿ ಪೂರ್ತಿ ಅಂಕ ನಿಮ್ಮದು.

ಅದನ್ನು ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ.

ಚುಕ್ಕಿ


ಸೆಪ್ಟೆಂಬರ್ ೩

ಪ್ರೀತಿಯ ಚುಕ್ಕಿ,

ಮುಖ್ಯ ವಿಚಾರ: ಕಂಪ್ಯೂಟರಿನಿಂದ ನಿನ್ನ ಹೆಸರಿನ ಪುಟ ತೆಗೆಸಿದೆ. ಯಜಮಾನನೇ ತೆಗೆದುಕೊಟ್ಟ. ಯಾಕೆ ಎಂದು ಕೇಳಿದ, ಹೇಳಿದೆ. ಈ ಸಲ ಒಳಗೆ ಹೋಗಿ ನಗಲಿಲ್ಲ, ನನ್ನೆದುರಿಗೇ ನಕ್ಕ. “ಸಾರ್, ಆ ಲಾರಿಯವನಿಗೆ ನಾವಿಬ್ಬರೂ ಏನಂದ್ವಿ?” ಎಂದ. ಸುಮ್ಮನಿರೋ ಎಂದೆ. ಈಗ ಯಾರಾದರೂ ಕುರ್ಚಿಯಲ್ಲಿ ಕೂತೊಡನೆ, “ಕಣ್ಣು ನಿಮ್ಮದೇ ತಾನೇ?” ಎಂದು ಒಳಗಿನಿಂದ ಕೂಗುತ್ತಾನೆ. ಗಿರಾಕಿಗಳು ಗಾಬರಿಯಾಗುತ್ತಾರೆ.

ಮಧ್ಯೆ ಇದ್ದ ಆ ದಿನಗಳಲ್ಲಿ, ನೀನು ಅರ್ಜಿ ಹಾಕಿದೆಯೋ ಇಲ್ಲವೋ ತಿಳಿಯದೆ, ಒಬ್ಬರ ಎಡಗಾಜು ಬಲಕ್ಕೆ ಕೂರಿಸಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಈ ಕೆಲಸ ಮಾಡಿದವನು. ಅಷ್ಟೇ ಹೇಳುತ್ತೇನೆ.

ಪರೀಕ್ಷೆಯ ದಿನ ಏನು ಹೇಳಬೇಕೆಂದು ಯೋಚಿಸಿದೆ. ನಾನು ಗಿರಾಕಿಗಳಿಗೆ ಹೇಳುವುದು ಒಂದೇ. ಅವಸರವಿಲ್ಲ, ರೆಪ್ಪೆ ಬಡಿದುಕೊಳ್ಳಿ, ಆಮೇಲೆ ಓದಿ. ಎಷ್ಟೋ ಜನ ಕಣ್ಣು ಅಗಲ ಮಾಡಿ, ಉಸಿರು ಹಿಡಿದು ನೋಡುತ್ತಾರೆ. ಹಾಗೆ ನೋಡಿದರೆ ದೊಡ್ಡ ಅಕ್ಷರವೂ ಕಲಸಿಹೋಗುತ್ತದೆ. ರೆಪ್ಪೆ ಬಡಿದುಕೊಂಡರೆ ಕೆಳಗಿನ ಸಾಲು ತಾನಾಗಿ ಬಂದು ಎದುರಿಗೆ ನಿಲ್ಲುತ್ತದೆ. ಇಂಗ್ಲಿಷ್ ಪರೀಕ್ಷೆಗೂ ಇದು ಆಗಿಬರುತ್ತದೋ ಇಲ್ಲವೋ, ನನಗೆ ಗೊತ್ತಿರುವುದು ಇಷ್ಟೇ.

ದೀಪ ನೀನೇ ಹಚ್ಚಿಕೋ. ಆರಿದರೂ ಪರವಾಗಿಲ್ಲ.

ಒಬೀಡಿಯಂಟ್ (ಈ ಸಲ ನಿಜವಾಗಿ),
ಅಪ್ಪ


ಅಕ್ಟೋಬರ್ ೨೧

ಅಪ್ಪನಿಗೆ ನಮಸ್ಕಾರ.

ಪರೀಕ್ಷೆ ಮುಗಿಯಿತು. ದೊಡ್ಡ ಕೋಣೆ, ಸಾಲು ಸಾಲು ಕಂಪ್ಯೂಟರ್. ನನ್ನ ಪಕ್ಕದಲ್ಲಿದ್ದ ಹುಡುಗಿಗೆ ನನ್ನ ಅರ್ಧ ವಯಸ್ಸು ಎನ್ನಬಹುದು. ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು, “ಮೇಡಂ, ಪೆನ್ ಒಳಗೆ ತರಬಹುದಾ?” ಎಂದು ಕೇಳಿದಳು. ತರಬಹುದು ಎಂದು ಗತ್ತಿನಿಂದಲೇ ಹೇಳಿದೆ.

ಮೊದಲನೆಯ ಪಾಠ ಕಣ್ಣಮುಂದೆ ಬಂದಾಗ ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ರೆಪ್ಪೆ ಬಡಿದುಕೊಂಡೆ. ಸಮಯ ಓಡುತ್ತಿದ್ದರೂ ಬಡಿದುಕೊಂಡೆ. ಆಗಿಬಂತು.

ಪ್ರಬಂಧಕ್ಕೆ ಕೊಟ್ಟ ವಿಷಯ: ಕೆಲಸ ಚೆನ್ನಾಗಿ ಮಾಡುವುದೆಂದರೆ ಏನು? ಒಬ್ಬ ವ್ಯಕ್ತಿಯ ಉದಾಹರಣೆ ಕೊಟ್ಟು ಬರೆಯಿರಿ. ಮುಖ್ಯ ವಿಚಾರವನ್ನು ಮೊದಲ ಸಾಲಿನಲ್ಲೇ ಇಟ್ಟೆ. ಅನಗತ್ಯವಾದದ್ದನ್ನೆಲ್ಲ ತೆಗೆದೆ. ಕೊನೆಗೆ ಸಮಯ ಉಳಿದಿತ್ತು, ತೆಗೆದದ್ದರಲ್ಲಿ ಒಂದು ಪ್ಯಾರಾ ತಿರುಗಿ ಸೇರಿಸಿದೆ. ಮೇಡಂ ನೋಡಿದ್ದರೆ ಗೆರೆ ಎಳೆಯುತ್ತಿದ್ದರು.

ಯಾರ ಬಗ್ಗೆ ಬರೆದೆ ಎಂದು ಹೇಳುವುದಿಲ್ಲ. ಅಂಥ ಪ್ರಶ್ನೆಗಳಲ್ಲಿ ನೀವು ತಪ್ಪುವವರಲ್ಲ.

ಚುಕ್ಕಿ


ಡಿಸೆಂಬರ್ ೧೨

ಪ್ರೀತಿಯ ಚುಕ್ಕಿ,

ಮುಖ್ಯ ವಿಚಾರ: ನನಗೆ ಹೆಮ್ಮೆಯಾಗಿದೆ.

ನಿನ್ನೆ ಫೋನ್ ಮಾಡಿ, ಸೀಟು ಸಿಕ್ಕಿತು ಅಪ್ಪಾ ಎಂದೆ. ನಾನು ‘ಊಟ ಆಯ್ತಾ?’ ಎಂದು ಕೇಳಿದೆ. ನೀನು ಆಯ್ತು ಎಂದೆ. ನಾನು ಸರಿ ಇಡ್ತೀನಿ ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ಕುರ್ಚಿಯಲ್ಲಿ ಕೂತೆ, ಗಿರಾಕಿಯ ಕುರ್ಚಿಯಲ್ಲಿ. ಎದುರಿನ ಚಾರ್ಟಿನಲ್ಲಿ ಒಂದು ಸಾಲೂ ಕಾಣಲಿಲ್ಲ. ಯಜಮಾನ ಬಂದು ನೋಡಿ, ಅಂಗಡಿಯ ಬಾಗಿಲಲ್ಲಿ ‘ಮುಚ್ಚಿದೆ’ ಹಲಗೆ ತಿರುಗಿಸಿದ. ಆಮೇಲೆ ಅವನೇ ಹೋಗಿ ಬೀಗದವನಿಗೆ ಹೇಳಿದನಂತೆ. ನಾನು ಯಾರಿಗೂ ಹೇಳಬೇಕಾಗಲಿಲ್ಲ, ಅದೊಂದು ಬೇಜಾರು.

ಫೋನಿನಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನನ್ನ ಕಾಗದದಲ್ಲಿ ಯಾರಿಲ್ಲ ಎಂದು ನೀನು ಜೂನ್‌ನಲ್ಲೇ ಕಂಡುಹಿಡಿದೆಯಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಬಂದು ಆ ಕುರ್ಚಿಯಲ್ಲಿ ಕೂತಳು. ಕಣ್ಣು ಮಸುಕು ಎಂದಳು. ಒಂದು ಗಾಜು ಹಾಕಿದೆ, ಮಸುಕು ಎಂದಳು. ಬದಲಿಸಿದೆ, ಇನ್ನೂ ಮಸುಕು. ಪೆಟ್ಟಿಗೆಯಲ್ಲಿದ್ದ ಗಾಜುಗಳು ಮುಗಿಯುತ್ತ ಬಂದವು, ಹೊರಗೆ ಕಾಯುತ್ತಿದ್ದವರು ಗೊಣಗತೊಡಗಿದರು. ನನಗೆ ಏನೋ ಅನುಮಾನ ಬಂತು. ಪವರೇ ಇಲ್ಲದ ಬರೀ ಗಾಜು ಹಾಕಿ, ಈಗ ಹೇಗಿದೆ ಎಂದೆ. ಕೆಳಗಿನ ಸಾಲನ್ನು ತಡವರಿಸದೆ ಓದಿದಳು. ಆಮೇಲೆ ಚಾರ್ಟ್ ಬಿಟ್ಟು ನನ್ನ ಕಡೆ ತಿರುಗಿ ಹೇಳಿದಳು: “ಈಗ ಚೆನ್ನಾಗಿ ಕಾಣ್ತಿದೆ.”

ಮುಂದಿನ ವಾರವೂ ಬಂದಳು. ಮತ್ತೆ ಮಸುಕಂತೆ.

ನೀನು ಕಾಲು ಎಟುಕದೆ ಆ ಕುರ್ಚಿಯಲ್ಲಿ ಕೂತು ಓದುತ್ತಿದ್ದಾಗ ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೀನು ಆ ಮೇಷ್ಟ್ರಿಗೆ ಹೇಳಿಕೊಟ್ಟು ನಾನು ಗದರಿದ ದಿನವೂ ಇದ್ದಳು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಬೈದಳು. ಮಗು ಹೇಳಿಕೊಟ್ಟದ್ದು ತಪ್ಪೇ, ಆದರೆ ಅಷ್ಟು ದೂರದಿಂದ ಕೆಳಗಿನ ಸಾಲು ಓದಿದಳಲ್ಲ, ಅದನ್ನು ಯಾಕೆ ಹೇಳಲಿಲ್ಲ ನೀವು ಎಂದಳು. ಹೇಳುತ್ತೇನೆ ಎಂದಿದ್ದೆ. ಅವಳು ಇರುವವರೆಗೆ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ನಾಟ್‌ವಿತ್‌ಸ್ಟ್ಯಾಂಡಿಂಗ್ ಯುವರ್ ಫಾದರ್, ನೀನು ಓದಿದೆ ಮಗಳೇ. ನಿನ್ನ ಕಣ್ಣಿನಿಂದಲೇ ಓದಿದೆ.

ಮನೆಯಲ್ಲಿ ಅವಳ ಆ ಇನ್ನೊಂದು ಕುರ್ಚಿ ಇದ್ದಲ್ಲೇ ಇದೆ. ರಜೆಗೆ ಬಂದಾಗ ಪುಸ್ತಕ ಹರಡಿಕೊಂಡು ನೀನು ಕೂರು. ಧೂಳಿಲ್ಲ.

ಈ ಕಾಗದವನ್ನು ಹೇಗೆ ಬೇಕಾದರೂ ಓದು. ಪೆನ್ಸಿಲ್ ಮಾತ್ರ ಹಿಡಿಯಬೇಡ.

ನಿನ್ನ
ಅಪ್ಪ